ಸೇತುವೆಯ ಕಾಳಗವೂ ಜಗುಲಿಯ ಮೂಲೆಯೂ

ಅರವತ್ತರ ದಶಕದಲ್ಲಿ ಹೊಳೆನರಸೀಪುರದ ಶಾಲೆಯೊಂದರಲ್ಲಿ ಮೇಷ್ಟ್ರಮ್ಮನಾಗಿದ್ದುಕೊಂಡೇ ಖಾಸಗಿಯಾಗಿ ಬಿ.ಎ.ಗೆ ಕಟ್ಟಿದೆ. ಒಂದು ಸಲ ಇಂಗ್ಲೆಂಡಿನ ಇತಿಹಾಸದಲ್ಲಿ ಡುಮ್ಕಿ ಹೊಡೆದೆ. ಮತ್ತೆ ಡುಮ್ಕಿಯಾದರೆ ಅಲ್ಲಿಗೆ ಓದು ಸಾಕು ಎಂದು ಯಜಮಾನರು ಹೇಳಿಬಿಟ್ಟರು. ದೊಡ್ಡ ಒಕ್ಕಲುತನದ ಮನೆ. ಬೆಳಗಾದರೆ ಕೊಟ್ಟಿಗೆ, ಬಾವಿ. ಶಾಲೆಯಿಂದ ಬಂದರೆ ಒಲೆ. ಪುಸ್ತಕ ಹಿಡಿದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಓದಲು ಸಿಗುತ್ತಿದ್ದದ್ದು ತಿಂಗಳಲ್ಲಿ ಮೂರು ದಿನ, ಹೊರಗಾದಾಗ. ಆಗ ಮನೆಯ ಯಾವ ಕೆಲಸವನ್ನೂ ಮುಟ್ಟುವಂತಿಲ್ಲ. ಜಗುಲಿಯ ಮೂಲೆಯಲ್ಲಿ ಚಾಪೆ ಹಾಕಿ ಕೂತರೆ ಯಾರೂ ಕರೆಯುತ್ತಿರಲಿಲ್ಲ. ಊಟದ ತಟ್ಟೆಯನ್ನು ದೂರದಿಂದ ತಳ್ಳಿದಾಗ ಮೈಯೆಲ್ಲ ಉರಿಯುತ್ತಿತ್ತು. ಆದರೂ ತಿಂಗಳು ತಿಂಗಳೂ ಅದನ್ನೇ ಕಾಯುತ್ತಿದ್ದೆ.

ಅಂಥ ಒಂದು ದಿನ ಅತ್ತೆ ಮಾರು ದೂರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಡಿಮೈಲಿಗೆಯಲ್ಲಿ ಕೂದಲೆಳೆಯಷ್ಟೂ ಬಿಡದ ಹೆಂಗಸು.

"ಪುಸ್ತಕಕ್ಕೆ ಮೈಲಿಗೆ ಆಗಾಕಿಲ್ವೇನವ್ವಾ?"

"ಇದ್ರಲ್ಲಿರೋದು ಬರೀ ಹೊಡೆದಾಟ ಅತ್ತೆ. ಮೈಲಿಗೆ ಆಗೋಕೆ ಇನ್ನೇನು ಉಳಿದದೆ?"

ನಕ್ಕು, ಎಂಥ ಹೊಡೆದಾಟ ಎಂದರು. ಹೇಳಿದೆ. ಹಡಗಿನಲ್ಲಿ ಬಂದು ಸುಲಿಗೆ ಮಾಡುತ್ತಿದ್ದ ವೈಕಿಂಗರೆಂಬ ಜನ ಇಂಗ್ಲೆಂಡನ್ನೇ ಗೆಲ್ಲಲು ಉತ್ತರದಲ್ಲಿ ಬಂದಿಳಿದರು. ದಕ್ಷಿಣದಲ್ಲಿದ್ದ ರಾಜ ಬಿಡುವಿಲ್ಲದೆ ದಂಡು ನಡೆಸಿಕೊಂಡು ಹೋಗಿ, ಸ್ಟ್ಯಾಮ್‌ಫರ್ಡ್ ಬ್ರಿಜ್ ಎಂಬ ಸೇತುವೆಯ ಹತ್ತಿರ ಅವರನ್ನು ಬಗ್ಗುಬಡಿದ. ಅಲ್ಲಿಗೆ ಅವರು ಆ ರಾಜ್ಯದ ಆಸೆ ಬಿಟ್ಟರು. ಅಷ್ಟರಲ್ಲಿ ದಕ್ಷಿಣದಲ್ಲಿ ಬೇರೊಬ್ಬ ಶತ್ರು ಬಂದಿಳಿದ. ರಾಜ ಹೋದ ದಾರಿಯಲ್ಲೇ ತಿರುಗಿ ಬಂದು ಕಾದಿದ. ಸೋತ, ಸತ್ತ.

"ಗೆದ್ದೋನು ಅದೆಂಗೆ ಸೋತ?"

"ದಣಿದಿದ್ರು ಅತ್ತೆ."

ಅತ್ತೆಯ ಕೈ ನಿಂತಿತು. "ಒಂದೆಲ್ಡು ದಿನ ಕೂತ್ಕಳ್ರಪ್ಪಾ ಅನ್ನಾಕೆ ಒಬ್ರೂ ದೊಡ್ಡೋರು ಇರ್ನಿಲ್ವಾ?"



ಹಾಸನದಲ್ಲಿ ಪರೀಕ್ಷೆ. ಆ ವಾರವೇ ಅರಕಲಗೂಡಿನ ನೆಂಟರು ಗಾಡಿ ಕಟ್ಟಿಕೊಂಡು ಬಂದರು. ಪುಸ್ತಕ ಅರ್ಧ ಉಳಿದಿತ್ತು. ನನ್ನ ಮೂರು ದಿನ ಆಗಷ್ಟೇ ಕಳೆದಿತ್ತು. ಮಧ್ಯಾಹ್ನ ಎಸರಿಗೆ ರಾಗಿಹಿಟ್ಟು ಹಾಕಿ ಕೋಲು ಹಿಡಿದವಳು ಕೂತಲ್ಲೇ ತೂಕಡಿಸಿದೆ. ಅತ್ತೆ ನೋಡಿದರು. ಮರುಕ್ಷಣ ನಡುಮನೆಗೆ ಕೇಳುವಂತೆ ಕೂಗಿದರು.

"ಅಯ್ಯೋ, ಇವ್ಳು ವರಗಾಗ್ಬುಟ್ಟವ್ಳೆ ಕಣ್ರವ್ವಾ! ಯಾರೂ ಮುಟ್ಬ್ಯಾಡಿ."

ಒಂದು ಕಾಳು ಚೆಲ್ಲಿದರೂ ಬೈಯುವವರು, ನಾನು ಮುಟ್ಟಿದ್ದ ಹಿಟ್ಟನ್ನೆಲ್ಲ ದನದ ಬಾನಿಗೆ ಸುರಿಸಿದರು. ಯಜಮಾನರಿಗೆ ನಿಜ ಗೊತ್ತಿತ್ತು; ತಾಯಿಯ ಮುಖ ನೋಡಿ ಸುಮ್ಮನಾದರು.

"ಸುಳ್ಳಿನ ಪಾಪ ನಂಗಿರ್ಲಿ, ಓಗು," ಎಂದು ಅತ್ತೆ ಪಿಸುಗುಟ್ಟಿದರು.

ಮೂಲೆಗೆ ಹೋಗಿ ಅತ್ತುಬಿಟ್ಟೆ. ಆ ಸಲ ಪಾಸಾದೆ, ಅದು ಆಮೇಲಿನ ಮಾತು. ಅವತ್ತು ಚಾಪೆಗೆ ಬಿದ್ದವಳು ಸಂಜೆಯವರೆಗೆ ಮಲಗಿದೆ. ಎಚ್ಚರವಾದಾಗ ಒಳಗೆ ಅತ್ತೆ ಒಬ್ಬರೇ ಅಷ್ಟೂ ಜನಕ್ಕೆ ಹಿಟ್ಟು ತೊಳಸುತ್ತಿದ್ದರು. ಅವರ ಏದುಸಿರು ಜಗುಲಿಗೆ ಕೇಳುತ್ತಿತ್ತು. ಏಳಬೇಕೆನಿಸಿತು. ಏಳಲಿಲ್ಲ, ಪುಸ್ತಕ ತೆರೆದೆ.