‘ಇಡ್ಲ್ಯಾ?’ ಎಂದು ಕೇಳುವ ಅಣ್ಣ

ನನ್ನ ಗಂಟಲಿನಲ್ಲಿ ಬಾಡಿಗೆದಾರರು ಬಹಳ. ಕಲ್ಲೋಳಿ ಬಸ್ಸಿನ ಕಂಡಕ್ಟರು, ಸೀನುವ ಮೊದಲು ಇಡೀ ವರ್ಗವನ್ನು ಮೂರು ಸಲ ಹೆದರಿಸುತ್ತಿದ್ದ ಗಣಿತದ ಮಾಸ್ತರು, ಟೀವಿಯಲ್ಲಿ ಸುದ್ದಿ ಓದುವ ಬದಲು ಸುದ್ದಿಗೇ ಬೈಯುವ ಆಸಾಮಿ, ಎಲ್ಲರೂ ಅಲ್ಲಿದ್ದಾರೆ. ಇವರ ಗದ್ದಲದಲ್ಲಿ ಮನೆಯ ಮಾಲೀಕನೇ ಮೂಲೆ ಸೇರಿದ್ದಾನೆ. ನಿನ್ನ ಸ್ವಂತ ಧ್ವನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಒಂದು ಸಲ ಕೆಮ್ಮಿ ಹುಡುಕಬೇಕಾಗುತ್ತದೆ.

ಹೊಟ್ಟೆಪಾಡೂ ಇದರಿಂದಲೇ. ಟೆಂಪೋದ ನೆತ್ತಿಯ ಮೇಲೆ ಎರಡು ಭೋಂಗಾ ಕಟ್ಟಿಕೊಂಡು, ಗೋಕಾಕದಲ್ಲಿ ಸೀರೆಯ ರಿಯಾಯಿತಿ, ಮೂಡಲಗಿಯಲ್ಲಿ ಗೊಬ್ಬರ, ಹುಕ್ಕೇರಿಯಲ್ಲಿ ಕಣ್ಣಿನ ತಪಾಸಣೆ ಎಂದು ಮೈಕಿನಲ್ಲಿ ಕೂಗುತ್ತ ತಿರುಗುತ್ತೇನೆ. ನಾನು ಕೂಗಿದ ಒಂದು ಸೀರೆಯನ್ನೂ ನಮ್ಮ ಅವ್ವ ಉಟ್ಟಿಲ್ಲ. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ಭರವಸೆ.

ಬಾಡಿಗೆದಾರರಲ್ಲೆಲ್ಲ ಹಳಬ ನನ್ನ ಅಣ್ಣ. ನನಗಿಂತ ಆರು ವರ್ಷಕ್ಕೆ ದೊಡ್ಡವನು, ಸೈನ್ಯದ ಫಿರಂಗಿ ದಳದಲ್ಲಿ ಗಡಿಯ ಮೇಲಿದ್ದಾನೆ. ಅವನ ಧ್ವನಿ ತಗ್ಗು. ಪ್ರತಿ ಮಾತಿಗೂ ಮೊದಲು ಒಂದು ಸಣ್ಣ ನಿಲುಗಡೆ, ಮಾತನ್ನು ಕಿಸೆಯಿಂದ ತೆಗೆದು ಒರೆಸಿ ಕೊಡುವವನ ಹಾಗೆ. ಫೋನಿನಲ್ಲಿ ಅವನದೊಂದು ಪದ್ಧತಿ. ಮಾತು ಮುಗಿದಾಗ “ಇಡ್ಲ್ಯಾ?” ಎಂದು ಕೇಳುತ್ತಾನೆ. ಫೋನ್ ಇಡಲೇ ಎಂದು. ಅವ್ವ “ಇಡಪಾ” ಎನ್ನುವವರೆಗೆ ಇಡುವುದಿಲ್ಲ. ಒಮ್ಮೆ ಅವ್ವ ಉತ್ತರ ಕೊಡುವುದು ಮರೆತು ಉಕ್ಕುವ ಹಾಲು ನೋಡಲು ಹೋದಳು. ಬಂದು ಫೋನ್ ಎತ್ತಿದರೆ ಆಚೆ ಉಸಿರು ಕೇಳಿಸುತ್ತಿತ್ತು.

“ಯಾಕೋ, ಇನ್ನಾ ಇಟ್ಟಿಲ್ಲೇನ?”

“ನೀ ಇಡು ಅಂದಿಲ್ಲಲ್ಲವಾ.”

ಅವನು ಸೈನ್ಯಕ್ಕೆ ಹೋದ ಮೇಲೆ ಆ ಧ್ವನಿಯನ್ನು ನಾನು ಉಪಯೋಗಕ್ಕೆ ಹಚ್ಚಿದೆ. ಹಾದಿಯಲ್ಲಿ ಸಿಕ್ಕವರ ಫೋನ್ ಇಸಿದುಕೊಂಡು ಮನೆಗೆ ಹಚ್ಚುತ್ತಿದ್ದೆ. “ಯವ್ವಾ, ಸೂಟಿ ಸಿಕ್ಕೈತಿ, ನಾಳಿಗೆ ಬರಾಕತ್ತೇನಿ.” ಅವ್ವ ಹಿಗ್ಗಿ ಶೇಂಗಾ ಹುರಿಯಲು ಕುಳಿತಾಗ ನಾನು ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದೆ. ಎರಡು ಸಲ ಮೋಸಹೋದಳು. ಮೂರನೆಯ ಸಲದಿಂದ ಗುರುತಿಲ್ಲದ ನಂಬರಿನಿಂದ ಅಣ್ಣ ಮಾತಾಡಿದನೆಂದರೆ ಅದು ನಾನೇ ಎಂದು ಖಾತ್ರಿ ಮಾಡಿಕೊಂಡಳು. “ಮಂಗ್ಯಾ, ಸಾಕ್ ಮಾಡು, ಇಡು,” ಎನ್ನುವಳು. ಹೀಗಾಗಿ “ಇಡ್ಲ್ಯಾ?” ಎಂಬಲ್ಲಿಯವರೆಗೆ ನಾನು ಒಮ್ಮೆಯೂ ತಲುಪಲಿಲ್ಲ. ಒಂದೋ ಅವಳು ಬೈಯುತ್ತಿದ್ದಳು, ಇಲ್ಲವೇ ನನಗೆ ನಗು ಬರುತ್ತಿತ್ತು.

ಆ ಬೇಸಗೆಯಲ್ಲಿ ಅಣ್ಣನಿಗೆ ಖರೇ ಖರೇ ಸೂಟಿ ಮಂಜೂರಾಗಿತ್ತು. ಅಷ್ಟರಲ್ಲಿ ಬೆಟ್ಟದ ಸೀಮೆಗೆ ತಿರುಗಾಡಲು ಹೋಗಿದ್ದ ಜನರನ್ನು ಭಯೋತ್ಪಾದಕರು ಗುಂಡಿಟ್ಟು ಕೊಂದರು. ಸೂಟಿ ರದ್ದಾಯಿತು. “ಸದ್ಯಕ್ಕ ಬರಾಕ ಆಗೂದಿಲ್ಲವಾ. ಫೋನೂ ಹಚ್ಚಾಕ ಬಿಡೂದಿಲ್ಲ. ಇಡ್ಲ್ಯಾ?” ಎಂದ. ಅವ್ವ ಇಡಪಾ ಎಂದಳು. ಆಮೇಲೆ ದಿನಗಟ್ಟಲೆ ಸುದ್ದಿಯಿಲ್ಲ.

ಒಂದು ಬೆಳಿಗ್ಗೆ ಎದ್ದರೆ ಟೀವಿಯ ತುಂಬ ಒಂದೇ ಮಾತು. ನಮ್ಮ ಸೈನ್ಯ ಗಡಿಯಾಚೆಯ ಉಗ್ರರ ನೆಲೆಗಳ ಮೇಲೆ ದಾಳಿ ಮಾಡಿತ್ತು. ನಮ್ಮೂರು ಕಲ್ಲೋಳಿಯ ಚಹಾದಂಗಡಿಯಲ್ಲಿ ಅಂದು ಗಿರಾಕಿಗಳೇ ಇರಲಿಲ್ಲ, ಬರೀ ಸೇನಾಪತಿಗಳು.

“ಒಳಗ ಹೊಕ್ಕ ಹೊಡದಾರ ನೋಡು,” ಎಂದು ಚಹಾದ ಕಾಕಾ ಸೌಟಿನಿಂದ ಗಡಿ ತೋರಿಸಿದ. ಸೌಟಿನ ಪ್ರಕಾರ ಅದು ಸಕ್ಕರೆ ಡಬ್ಬಿಯ ಬಾಜೂಕ್ಕೇ ಇತ್ತು.

“ಕಾಕಾ, ಹತ್ತ ವರ್ಷಾತು, ನಿಮ್ಮ ಹೊಲದ ಬದುವಿನ ಜಗಳಾನ ಇನ್ನಾ ಮುಗದಿಲ್ಲಲ್ರಿ,” ಎಂದೆ.

“ಅದಕ್ಕೂ ಕ್ಷಿಪಣಿನಽ ಬೇಕಲೇ. ಎಲ್ಲಿಂದ ತರ್ಲಿ?”

ನಾನು ಬೆಂಚಿನ ಮೇಲೆ ಹತ್ತಿ ಟೀವಿಯ ಆಸಾಮಿಯನ್ನು ಹೊರಗೆ ಬಿಟ್ಟೆ. ಅವನು ಕೂಗಿದ, ಮೇಜು ಗುದ್ದಿದ, ಎರಡು ನಿಮಿಷದಲ್ಲಿ ಅರ್ಧ ನಕಾಶೆ ಗೆದ್ದ. ಜನ ಬಿದ್ದು ಬಿದ್ದು ನಕ್ಕರು. ಸುಳ್ಳು ಹೇಳುವುದಿಲ್ಲ, ನನ್ನ ಎದೆಯೂ ಉಬ್ಬಿತ್ತು. ಕೊಂದವರು ಆರಾಮಾಗಿ ಉಂಡು ಮಲಗಬಾರದು ಎಂದು ನನಗೂ ಅನ್ನಿಸಿತ್ತು.

ಮನೆಗೆ ಬಂದಾಗ ಅವ್ವ ಒಂದೇ ಮಾತು ಕೇಳಿದಳು. “ನಮ್ಮಾವ್ರು ಅಲ್ಲಿ ಹೊಡದ್ರು. ಅವ್ರು ತಿರಗಿ ಎಲ್ಲಿ ಹೊಡಿತಾರ?”

ಟೀವಿಯ ಆಸಾಮಿ ನನ್ನ ಗಂಟಲಲ್ಲಿ ತೆಪ್ಪಗಾದ. ಅವರು ತಿರುಗಿ ಹೊಡೆಯುವುದು ಚಹಾದಂಗಡಿಗಲ್ಲ, ಗಡಿಯ ಅಂಚಿಗೆ. ಅಂಚಿನಲ್ಲಿ ನಮ್ಮ ಅಣ್ಣ.

ಮರುದಿನ ಹುಕ್ಕೇರಿಯಲ್ಲಿ ವಿಜಯದ ಮೆರವಣಿಗೆ ಇತ್ತು. ಮೈಕು ಹಿಡಿಯಲು ನನ್ನನ್ನು ಕರೆದಿದ್ದರು. ಗಂಟಲು ಹರಿಯುವ ಹಾಗೆ ಘೋಷಣೆ ಕೂಗಿ, ಸಂಜೆಗೆ ಗೋಕಾಕದ ಮೇಲಿಂದ ಮನೆ ಸೇರಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

“ಬಂದ್ರೇನ್ರಿ ಸಾಹೇಬ್ರ? ಇಂಥಾ ಹೊತ್ತಿನ್ಯಾಗೂ ನಿಂಗ ಚ್ಯಾಷ್ಟಿ ಬೇಕೇನೋ?”

“ಏನ್ ಚ್ಯಾಷ್ಟಿ?”

“ಮಧ್ಯಾಹ್ನ ಯಾರ್ದೋ ಫೋನಿಲೆ ಅಣ್ಣನಂಗ ಮಾತಾಡಿದೆಲ್ಲ. ಚಲೋತಂಗ ಬೈದೇನಿ.”

ಮಧ್ಯಾಹ್ನ ನಾನು ಹುಕ್ಕೇರಿಯ ಬಜಾರದಲ್ಲಿ ಮೈಕಿನ ಮುಂದಿದ್ದೆ. ಯಾರಿಗೂ ಫೋನ್ ಹಚ್ಚಿರಲಿಲ್ಲ.

ಒಂದು ಕ್ಷಣ ನಾನೇ ಎಂದು ಒಪ್ಪಿಕೊಂಡುಬಿಡಲೇ ಎನ್ನಿಸಿತು. ಮಾಡಿದ ತಪ್ಪುಗಳನ್ನೆಲ್ಲ ನಕ್ಕು ದಾಟಿಸಿದವನಿಗೆ ಮಾಡದ ಒಂದನ್ನು ಹೊರುವುದೇನು ಭಾರ? ಹಾಗೆ ಒಪ್ಪಿಕೊಂಡರೆ ಮಗನ ಫೋನನ್ನು ತಾನೇ ಇಡಿಸಿದೆ ಎಂಬುದು ಅವಳಿಗೆ ತಿಳಿಯುವುದಿಲ್ಲ. ಆದರೆ ಆ ಮಧ್ಯಾಹ್ನದ ಹೊತ್ತಿಗೆ ಮಗ ಜೀವಂತ ಇದ್ದ ಎಂಬುದೂ ತಿಳಿಯುವುದಿಲ್ಲ. ಕೆಮ್ಮಿ ನನ್ನ ಸ್ವಂತ ಧ್ವನಿ ಹುಡುಕಿದೆ.

“ಯವ್ವಾ, ಅದು ನಾ ಅಲ್ಲ.”

ಅವಳು ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು.

“ನನ್ನಾಣಿ?”

“ನಿನ್ನಾಣಿ.”

ಕೈ ಹಿಟ್ಟಿನ ಮೇಲೆಯೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಅಂಚಿನಿಂದ ಕರ್ರಗಾಗುತ್ತ ಬಂತು, ಇಬ್ಬರೂ ತಿರುವಿ ಹಾಕಲಿಲ್ಲ. ಅವನು ಏನೆಂದ ಎಂದು ಕೇಳಿದೆ.

“‘ಯವ್ವಾ, ನಾ ಆರಾಮ ಅದೀನಿ’ ಅಂದಾ. ನಾ... ‘ಮಂಗ್ಯಾ, ಸಾಕ್ ಮಾಡು, ಇಡು’ ಅಂದ್ನಿ.”

“ಆಮ್ಯಾಲ?”

“ಇಟ್ಟಾ.”

ಇಡು ಎಂದರೆ ಇಡುವ ಮಗ. ಆ ನಂಬರಿಗೆ ತಿರುಗಿ ಹಚ್ಚಿದೆವು. ಎಷ್ಟು ಸಲ ಹಚ್ಚಿದರೂ ಯಾರೂ ಎತ್ತಲಿಲ್ಲ. ಅಂದಿನಿಂದ ಅವ್ವ ಫೋನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಿರುಗಿದಳು. ಸಾಬೂನಿನ ಕಂಪನಿಯವರು ಹಚ್ಚಿದರೂ “ಹೇಳಪಾ, ಉಂಡಿ?” ಎಂದು ಕೇಳುತ್ತಿದ್ದಳು. ನಾನು ಟೆಂಪೋ ನಿಲ್ಲಿಸಿ ಮನೆಯಲ್ಲೇ ಉಳಿದೆ. ಮನೆಯಲ್ಲಿ ಯಾರ ಧ್ವನಿಯನ್ನೂ ತೆಗೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಜೋಳ ಹಸನು ಮಾಡುತ್ತ ಕುಳಿತಿದ್ದ ಅವ್ವ ಮೊರ ಕೆಳಗಿಟ್ಟಳು.

“ಅಂವನಂಗ ಒಂದ್ಸಲ ಮಾತಾಡು.”

“ಬ್ಯಾಡವಾ.”

“ನೀ ಅಂತ ಗೊತ್ತೈತಿ. ಮಾತಾಡು.”

ಮುಖ ಕಾಣಬಾರದೆಂದು ಗೋಡೆಯ ಕಡೆ ತಿರುಗಿ ನಿಂತೆ. ನಿಲುಗಡೆ ತಾನಾಗಿಯೇ ಬಂತು.

“ಯವ್ವಾ, ನಾ ಆರಾಮ ಅದೀನಿ.”

“ಉಂಡಿ?”

“ಉಂಡೇನಿ.”

“ಅಲ್ಲಿ ಥಂಡಿ ಐತೇನ?”

“ಐತಿ. ಸ್ವೆಟರ್ ಹಾಕ್ಕೊಂಡೇನಿ.”

“ಅವತ್ತ ಬೈದದ್ದು ನಿಂಗಲ್ಲಪಾ. ಆ ಮಂಗ್ಯಾಗ.”

ಇದಕ್ಕೆ ಅಣ್ಣ ಏನು ಹೇಳುತ್ತಿದ್ದನೋ ನನಗೆ ಗೊತ್ತಿಲ್ಲ. ಮಂಗ್ಯಾ ಸುಮ್ಮನೆ ಗೋಡೆಯ ಸುಣ್ಣ ನೋಡಿದ. ಆಮೇಲೆ ಮೊದಲ ಸಲ ಆ ಕೊನೆಯ ಮಾತಿಗೆ ತಲುಪಿದೆ.

“ಇಡ್ಲ್ಯಾ?”

ಬೆನ್ನ ಹಿಂದೆ ಮೊರದಲ್ಲಿ ಜೋಳ ಮತ್ತೆ ಸದ್ದು ಮಾಡಿತು. ನಾನು ಗೋಡೆಯ ಕಡೆಗೇ ನಿಂತಿದ್ದೆ.

ಎರಡೂ ಕಡೆ ಗುಂಡು ನಿಂತವೆಂದು ಟೀವಿ ಹೇಳಿದ ಮರುದಿನ ಅಣ್ಣ ಫೋನ್ ಹಚ್ಚಿದ. ಅವ್ವ ಯಾರು ಏನು ಕೇಳಲಿಲ್ಲ, ಸುಮ್ಮನೆ ಅತ್ತಳು. ಅವನು ನಕ್ಕ. “ಆ ಮಂಗ್ಯಾ ಮನ್ಯಾಗ ಏನೋ ಕಿತಾಪತಿ ಮಾಡಿಟ್ಟಾನ ಅಂತ ಅವತ್ತಽ ತಿಳದೇನಿ ಬಿಡವಾ.” ಅವನ ಬೆನ್ನ ಹಿಂದೆ ಸಾಲು ನಿಂತವರ ಗಲಾಟೆ ಕೇಳಿಸುತ್ತಿತ್ತು. ಸೂಟಿ ಯಾವಾಗ ಎಂದಳು. ಇನ್ನೂ ಹೇಳಿಲ್ಲ ಎಂದ. ಒಂದು ನಿಲುಗಡೆ, ಮತ್ತೆ “ಇಡ್ಲ್ಯಾ?”

ಅವ್ವ ಬಾಯಿ ತೆರೆದಳು. ‘ಇಡಪಾ’ ಎಂಬ ಮಾತು ಬರಲಿಲ್ಲ. ಫೋನನ್ನು ನನ್ನ ಕೈಗೆ ತುರುಕಿ ಒಳಗೆ ಹೋದಳು.

ಅಣ್ಣನಿಗೆ ಈಗಲೂ ಸೂಟಿ ಸಿಕ್ಕಿಲ್ಲ. ವಾರಕ್ಕೊಮ್ಮೆ ಫೋನ್ ಬರುತ್ತದೆ, ಕೊನೆಯ ಮಾತಿನ ಹೊತ್ತಿಗೆ ಅದು ನನ್ನ ಕೈಗೆ ಬರುತ್ತದೆ. ಹೋದ ರವಿವಾರ ಒಳಗಿನ ಕೋಣೆಗೆ ಕೇಳಿಸದಂತೆ ಬಾಯಿಗೆ ಕೈ ಮರೆಮಾಡಿಕೊಂಡು ಅವ್ವನ ಧ್ವನಿಯಲ್ಲಿ ಹೇಳಿದೆ.

“ಇಡಪಾ.”



“ಚಲೋ ಬರ್ತೈತಲೇ ಅವ್ವನ ಧ್ವನಿ. ಇನ್ನೊಮ್ಮಿ ಅನ್ನು.”

ಇನ್ನೊಮ್ಮೆ ಅಂದೆ. ಅವನು ಇಡಲಿಲ್ಲ.