ನಮಸ್ಕಾರಕ್ಕೆ ಸೈಕಲ್ ಇಳಿದವನು

ಕಳೆದ ಮಂಗಳವಾರ ಒಬ್ಬ ಮನುಷ್ಯ ನನಗೆ ನಮಸ್ಕಾರ ಮಾಡಲು ಹೋಗಿ ಸಾಯುವುದರಲ್ಲಿದ್ದ.

ಉತ್ಪ್ರೇಕ್ಷೆ ಎಂದು ಪುಟ ತಿರುವಬೇಡಿ. ಅವನ ತಲೆಗೂ ಟ್ರಕ್ಕಿನ ಹಿಂದಿನ ಗಾಲಿಗೂ ನಡುವೆ ಗೇಣು ಜಾಗವಿತ್ತು. ನಾನೇ ನೋಡಿದ್ದೇನೆ. ಈಗಲೂ ನೋಡುತ್ತಲೇ ಇದ್ದೇನೆ. ಹಲ್ಲುಜ್ಜುವಾಗ, ಕರಿಹಲಗೆಯ ಮೇಲೆ ಬರೆಯುವಾಗ, ಈ ಸಾಲು ಬರೆಯುವಾಗ ಕೂಡ.

ಅವನ ಹೆಸರು ಬೀರಪ್ಪ. ಅಕ್ಕಲಕೋಟೆ ತಾಲೂಕಿನ ಹನ್ನೂರಿನವನು, ಕುರಿ ಸಾಕುವ ಮನೆತನ. ನಾನು ಅಲ್ಲಿ ಮಾಸ್ತರನಾಗಿದ್ದಾಗ ನನ್ನ ಕೈಯಲ್ಲಿ ಕಲಿತವನು. ಈಗ ಸೊಲ್ಲಾಪುರದಲ್ಲಿದ್ದಾನೆ. ಪಾವರ್‌ಲೂಮ್ ಕಾರಖಾನೆಯಿಂದ ಟವೆಲ್ಲಿನ ಗಂಟು ಸೈಕಲ್ ಮೇಲೆ ಹೇರಿಕೊಂಡು ಪೇಟೆಯ ಅಂಗಡಿಗಳಿಗೆ ಮುಟ್ಟಿಸುತ್ತಾನೆ. ಮದುವೆಯಾಗಿದೆ, ಮಗಳಿದ್ದಾಳೆ, ಮೀಸೆ ನನ್ನದಕ್ಕಿಂತ ದೊಡ್ಡದಿದೆ. ಆದರೂ ನಾನು ಕಂಡರೆ ಸೈಕಲ್ಲಿನಿಂದ ಇಳಿಯುತ್ತಾನೆ. ಚಪ್ಪಲಿ ಬಿಡುತ್ತಾನೆ. ಕೈಮುಗಿಯುತ್ತಾನೆ. ಆಮೇಲೆಯೇ ಮುಂದಿನ ಮಾತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುರುಗಳೋ ಮಾವನೋ ಎದುರಾದಾಗ ಸೈಕಲ್ ಮೇಲೆ ಕುಳಿತೇ ಹೋದರೆ ಅದು ಸೊಕ್ಕು. (ಹೆಂಡತಿಯ ಊರಿನ ಅಗಸೆ ಬಾಗಿಲಿನಿಂದ ಮಾವನ ಮನೆಯ ತನಕ ಸೈಕಲ್ ತಳ್ಳಿಕೊಂಡೇ ಹೋಗುವ ಅಳಿಯಂದಿರನ್ನು ನೀವೂ ನೋಡಿದ್ದೀರಿ.) ಹನ್ನೂರಿನ ಹಾದಿಯಲ್ಲಿ ಅದಕ್ಕೇನೂ ತೊಂದರೆಯಿಲ್ಲ. ಹಿಂದೆ ಬರುವುದು ಹೆಚ್ಚೆಂದರೆ ಒಂದು ಕುರಿಹಿಂಡು. ಅದು ನಿಲ್ಲುತ್ತದೆ.

ಟ್ರಕ್ ನಿಲ್ಲುವುದಿಲ್ಲ.

ಅಂದು ಸಂಜೆ ಪಾಳಿ ಬಿಡುವ ಗಿರಣಿಯ ಭೋಂಗಾ ಆಗಷ್ಟೇ ಕೂಗಿತ್ತು. ಭೋಂಗಾ ಕೂಗಿದ ಮೇಲೆ ಈ ಊರಿನಲ್ಲಿ ರಸ್ತೆ ಎಂದರೆ ಸೈಕಲ್. ಹ್ಯಾಂಡಲ್ಲಿಗೆ ಖಾಲಿ ಡಬ್ಬಿ, ಕೂದಲಲ್ಲಿ ಹತ್ತಿಯ ಧೂಳು, ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ಕೈ. ನಾನು ಶಾಲೆ ಬಿಟ್ಟು ನನ್ನ ಕೋಣೆಯ ಕಡೆ ನಡೆದು ಹೊರಟಿದ್ದೆ. ಎದುರಿನಿಂದ, ನಾನಿದ್ದ ಮಗ್ಗುಲಿಗೇ, ಬೀರಪ್ಪ ಬಂದ. ಕ್ಯಾರಿಯರ್ ಮೇಲೆ ಅವನ ತಲೆಗಿಂತ ಎತ್ತರದ ಗಂಟು. ನಾನು ಅವನನ್ನು ನೋಡಿ ನಕ್ಕೆ. ಅಷ್ಟೇ ಮಾಡಿದ್ದು.

ಅವನು ಬ್ರೇಕ್ ಹಿಡಿದ. ಹಿಂದೆ ನೋಡಲಿಲ್ಲ. ನೋಡಿದ್ದರೂ ಗಂಟು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಾಗೆ ಹೇರಿದಾಗ ಕಾಲನ್ನು ಹಿಂದಿನಿಂದ ತಿರುಗಿಸಿ ಇಳಿಯಲು ಬರುವುದಿಲ್ಲ, ಮುಂದಿನ ದಾಂಡಿಯ ಮೇಲಿಂದ ಎತ್ತಬೇಕು. ಎತ್ತಿದ. ಸೈಕಲ್ ಬಲಕ್ಕೆ ವಾಲಿತು. ಆಗಲೇ ಹಾರ್ನ್.

ಟ್ರಕ್ಕಿನ ಮಗ್ಗುಲು ಗಂಟಿಗೆ ತಾಗಿತು. ಸೈಕಲ್ ಗಿರ್ರನೆ ತಿರುಗಿತು. ಗಂಟು ಹರಿದು ಬಿಳಿ ಟವೆಲ್ಲುಗಳು ರಸ್ತೆ ತುಂಬ ಹರಡಿದವು. ಹಿಂದಿನ ಗಾಲಿ ಅವುಗಳ ಮೇಲೆ ಹಾಯಿತು. ಪಕ್ಕದಲ್ಲಿ ಬೀರಪ್ಪ ಬಿದ್ದಿದ್ದ.

ನಾನು ಏನು ಮಾಡಿದೆ? ಏನೂ ಇಲ್ಲ. ಬಿ.ಎ. ಪಾಸಾದವನು, ಮಕ್ಕಳಿಗೆ ಪ್ರಥಮೋಪಚಾರದ ಪಾಠ ಹೇಳುವವನು, ಕೊಡೆ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದೆ.

ಬೀರಪ್ಪನೇ ಎದ್ದ. ಮೊಣಕೈ ಸುಲಿದಿತ್ತು, ಕಿವಿಯ ಹತ್ತಿರ ರಕ್ತ. ಅತ್ತಿತ್ತ ನೋಡಿದ. ಒಂದು ಚಪ್ಪಲಿ ಎಲ್ಲೋ ಹಾರಿಹೋಗಿತ್ತು. ಉಳಿದ ಇನ್ನೊಂದನ್ನು ಕಾಲಿನಿಂದ ಕಳಚಿದ. ಕೈಮುಗಿದ.

“ನಮಸ್ಕಾರ್ರೀ ಮಾಸ್ತರ್ರ.”

(ನಗಬೇಡಿ. ಅಥವಾ ನಗಿರಿ, ಅಲ್ಲಿದ್ದವರೆಲ್ಲ ನಕ್ಕರು.)

ಗಿರಣಿಯವರು ಸೈಕಲ್ ನಿಲ್ಲಿಸಿ ಸುತ್ತುವರಿದರು. “ಮಾಸ್ತರ್ರ, ಹಾಜರಿ ಹಾಕ್ಕೋರಿ, ನಿಮ್ಮ ಶಿಷ್ಯ ಬದುಕ್ಯಾನ!” ಅಂದ ಒಬ್ಬ. ಇನ್ನೊಬ್ಬ ಟವೆಲ್ ಆರಿಸಿ ಝಾಡಿಸುತ್ತಾ, “ಏ ದೋಸ್ತ, ಕೈಮುಗ್ಯಾಕ ಊರಾಗ ಇಷ್ಟು ಗುಡಿ ಅದಾವ, ಟ್ರಕ್ಕಿನ ಬುಡಕ್ಕ ಯಾಕ ಹೋಗಿದ್ದಿ?” ಅಂದ. ಟ್ರಕ್ಕಿನವನು ತಲೆ ಹೊರಹಾಕಿ, ಸಾಯಬೇಕೇನೋ ಎಂದು ಮರಾಠಿಯಲ್ಲಿ ಬೈದು ಹೋಗಿಯೇಬಿಟ್ಟ. ಹವಾಲ್ದಾರನೊಬ್ಬ ಬಂದ. ಗದರಿಸಿದ್ದು ಯಾರನ್ನು? ಬೀರಪ್ಪನನ್ನು. “ರಸ್ತಾದಾಗ ಯಾಕ ಸೈಕಲ್ ನಿಲ್ಲಿಸ್ದಿ?”

ಮತ್ತೆಲ್ಲಿ ನಿಲ್ಲಿಸಬೇಕಿತ್ತು, ಹವಾಲ್ದಾರ ಸಾಹೇಬರೆ? ಅಂದು ಇದನ್ನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಆ ರಸ್ತೆಯನ್ನು ಹೋದ ವರ್ಷ ಅಗಲ ಮಾಡಿದರು. ಹೊಸ ಡಾಂಬರಿನ ಅಂಚು ಪಕ್ಕದ ಮಣ್ಣಿಗಿಂತ ಮೆಟ್ಟಿಲಿನಷ್ಟು ಎತ್ತರ. ಅದರಾಚೆ ಗಟಾರ. ಇಳಿದ ಸೈಕಲ್ ಮತ್ತೆ ಹತ್ತುವುದಿಲ್ಲ, ಅಂಚಿನ ಮೇಲೆ ಗಾಲಿ ಜಾರಿದರೆ ಮನುಷ್ಯ ಬೀಳುವುದು ಟ್ರಕ್ಕಿನ ಕಡೆಗೇ.

ಹತ್ತಿರದ ಚಹಾದಂಗಡಿಯಲ್ಲಿ ಬೀರಪ್ಪನನ್ನು ಕೂರಿಸಿದೆ. ಇಬ್ಬರಿಗೂ ಬಸಿಯಲ್ಲಿ ಚಹಾ ಬಂತು.

“ಇನ್ನ ಮ್ಯಾಲೆ ನನ್ನ ಕಂಡ್ರ ಇಳೀಬ್ಯಾಡ” ಅಂದೆ.

“ಅದೆಂಗ್ರೀ? ನಿಮ್ಮ ಮುಂದ ಕುಂತು ಹೋಗ್ಲೇನ್ರಿ?”

“ಕುಂತು ಹೋಗು. ಗಂಟಿ ಬಾರಿಸು, ಸಾಕು.”

“ಗಂಟಿ ದನಕ್ಕ ಬಾರಸ್ತಾರ್ರಿ ಮಾಸ್ತರ್ರ.”

“ನಿನ್ನ ಮಗಳ ಆಣಿ ಐತಿ ನೋಡು, ಬೀರಪ್ಪ.”

ಅವನು ಬಸಿ ಕೆಳಗಿಟ್ಟ. “ಆಣಿ ಯಾಕ ಹಾಕಿದ್ರಿ?” ಅಂದ. ಮೊಣಕೈ ಒರೆಸಿಕೊಂಡು, “ಆತ್ರಿ” ಅಂದ. ಎದ್ದು ಹೋದ.

ಒಂದು ಜೀವ ಉಳಿಸಿದೆ ಎಂದುಕೊಂಡು ಕೋಣೆಗೆ ಬಂದೆ.

ಈ ಊರಿಗೆ ವರ್ಗವಾಗಿ ಬಂದವನು ನಾನು, ಒಬ್ಬನೇ. ವಾಡೆಯ ಹಿಂಭಾಗದಲ್ಲಿ ಒಂದು ಕೋಣೆ. ಒಂದು ಕಡೆ ಮರಾಠಿಯವರು, ಇನ್ನೊಂದು ಕಡೆ ತೆಲುಗಿನವರು, ಎಲ್ಲರೂ ಒಳ್ಳೆಯವರೇ. ನೀರು ಬಂತೇ, ಹೋಯಿತೇ, ಅಷ್ಟು ಮಾತು. ನಮ್ಮ ಕನ್ನಡ ಶಾಲೆಯ ಮಕ್ಕಳು ಗೇಟು ದಾಟಿದ ಮೇಲೆ ಮರಾಠಿ ಆಡುತ್ತಾ ಓಡಿಹೋಗುತ್ತಾರೆ. ಬೀದಿಯಲ್ಲಿ ನನ್ನ ಗುರುತು ಹಿಡಿಯುವವರು ಇಬ್ಬರು, ಪೋಸ್ಟಮನ್ ಮತ್ತು ಬೀರಪ್ಪ. (ನೀವು ಓದುಗರಿದ್ದೀರಿ, ನಿಜ. ಆದರೆ ನೀವು ವಾರಕ್ಕೊಮ್ಮೆ.)

ಬುಧವಾರ ಬೀರಪ್ಪ ಕಾಣಲಿಲ್ಲ. ಮೈಕೈ ನೋವಿರಬೇಕು ಅಂದುಕೊಂಡೆ. ಗುರುವಾರವೂ ಇಲ್ಲ. ರಸ್ತೆಯ ಅಂಚಿನಲ್ಲಿ ಬೇಕಂತಲೇ ನಿಧಾನವಾಗಿ ನಡೆದೆ. ಪ್ರತಿ ಹಾರ್ನಿಗೂ ತಿರುಗಿ ನೋಡಿದೆ. ಸಾವಿರ ಸೈಕಲ್ ಹೋಗಿರಬೇಕು. ಒಂದೂ ನಿಲ್ಲಲಿಲ್ಲ.

ಶುಕ್ರವಾರ ಚಹಾದಂಗಡಿಯವನನ್ನು ಕೇಳಿದೆ.

“ಯಾರು, ಆ ಟವೆಲ್ ಗಂಟಿನಂವನೇನ್ರಿ? ದಿನಾ ಹೋಗ್ತಾನಲ್ರಿ, ಹಿಂದಿನ ಸಂದ್ಯಾಗಿಂದ. ‘ಮಾಸ್ತರ್ರು ಆಣಿ ಹಾಕ್ಯಾರ, ಇಳ್ಯಾಕ ಬರಂಗಿಲ್ಲ. ಕುಂತು ಹೋಗಾಕ ಮನಸ ಒಪ್ಪಂಗಿಲ್ಲ. ಅವರ ಕಣ್ಣಿಗೆ ಬೀಳದಂಗ ಹೋಗೂದs ಚಲೋ’ ಅಂದ್ರಿ. ನೀವು ಓದಿದವರು ಭಾರಿ ಪೇಚಿಗೆ ಹಾಕ್ತೀರಿ ನೋಡ್ರಿ.”

ಅಂಗಡಿಯ ಹಿಂದಿನ ಆ ಸಂದಿಯನ್ನು ನೋಡಿಕೊಂಡು ಬಂದೆ. ಕಲ್ಲು, ಕೆಸರು, ತೆರೆದ ಗಟಾರ, ಬೀಡಿ ಎಲೆಯ ತುಣುಕುಗಳ ರಾಶಿ. ಟ್ರಕ್ಕಂತೂ ಬರಲಾರದು. ದಾರಿ ಮಾತ್ರ ದುಪ್ಪಟ್ಟು. ನಾನು ನಿಂತಿರುವಾಗಲೇ ದೂರದಲ್ಲಿ ಆ ಬಿಳಿ ಗಂಟು ಕಾಣಿಸಿತು. ಕಲ್ಲುಗಳ ಮೇಲೆ ಓಲಾಡುತ್ತಾ ಬರುತ್ತಿತ್ತು. ಅದರ ಮುಂದೆ ಮೊಣಕೈಗೆ ಪಟ್ಟಿ ಕಟ್ಟಿಕೊಂಡ ಬೀರಪ್ಪ.

ಕೂಗಲೇ? ಕೂಗಿದರೆ ಅವನು ಏನು ಮಾಡಬೇಕು? ಮಗಳ ಆಣೆ ಮುರಿಯಬೇಕೇ, ಮಾಸ್ತರನ ಮುಂದೆ ಕುಳಿತು ಹೋಗಬೇಕೇ?

ನಾನು ವಿದ್ಯುತ್ ಕಂಬದ ಹಿಂದೆ ಸರಿದು ನಿಂತೆ. ಅವನು ಹಾದುಹೋದ. ಏನೋ ಹಾಡು ಗುನುಗುತ್ತಿದ್ದ.

ನಗರಪಾಲಿಕೆಯವರು ಈ ಪತ್ರಿಕೆ ಓದುತ್ತಾರೋ ಇಲ್ಲವೋ ಗೊತ್ತಿಲ್ಲ. ಪೆಟ್ರೋಲ್ ತುಟ್ಟಿಯಾದ ಮೇಲೆ ವಕೀಲರೂ ಸೈಕಲ್ ಹತ್ತಿದ್ದಾರೆ, ಹೀಗಾಗಿ ಇನ್ನಾದರೂ ಯಾರಾದರೂ ಕಿವಿಗೊಟ್ಟಾರು. ಭೋಂಗಾ ಕೂಗಿದ ಮೇಲೆ ಅರ್ಧ ತಾಸು ಟ್ರಕ್ಕುಗಳು ಊರಂಚಿನ ಸುಂಕದ ನಾಕಾದ ಹೊರಗೆ ನಿಂತರೆ ಯಾರ ಗಂಟು ಹೋಗುತ್ತದೆ? ಡಾಂಬರಿನ ಅಂಚಿಗೆ ನಾಲ್ಕು ಗಾಡಿ ಮುರುಮ್ ಮಣ್ಣು ಸುರಿದು ಸಮ ಮಾಡಲು ಯಾವ ದೊಡ್ಡ ಇಂಜಿನಿಯರ್ ಬೇಕು? ಎಡಕ್ಕೆ ಒಂದು ಪಟ್ಟಿ ಬಿಡಿ. ಒಬ್ಬ ಮನುಷ್ಯ ಸೈಕಲ್ ಇಳಿದು, ಸಾಯದೆ, ನಿಂತು ಮಾತಾಡುವಷ್ಟು.

ಅದಾದ ದಿನ ಬೀರಪ್ಪನ ಮನೆ ಹುಡುಕಿಕೊಂಡು ಹೋಗಿ ಆಣೆ ವಾಪಸು ತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ಅವನು ಸಂದಿಯಲ್ಲಿ, ನಾನು ದೊಡ್ಡ ರಸ್ತೆಯಲ್ಲಿ.

ಒಬ್ಬ ಇನ್ನೊಬ್ಬನಿಗೆ ಕೈಮುಗಿಯುವಷ್ಟೂ ಜಾಗ ಉಳಿಯದಿದ್ದರೆ, ನಾವು ರಸ್ತೆ ಅಗಲ ಮಾಡಿದ್ದು ಯಾರಿಗಾಗಿ?