ಬೂದು ಕೋಟಿನ ಮೊಣಕೈ

ಭಾವನ ಕಣ್ಣಿನ ಆಪರೇಷನ್ ಆದಮೇಲೆ ನೆಂಟರೆಲ್ಲ ಒಬ್ಬರ ಹಿಂದೊಬ್ಬರು ಫೋನ್ ಮಾಡಿ, "ಈಗ ಹೇಗೆ, ಪ್ರಪಂಚವೆಲ್ಲ ಹೊಸದಾಗಿ ಕಾಣ್ತಿದೆಯಾ?" ಎಂದು ಕೇಳಿದರು. ಭಾವ ಎಲ್ಲರಿಗೂ "ಚೆನ್ನಾಗಿದೆ" ಎಂದರು. ಪಕ್ಕದಲ್ಲಿ ಕೂತಿದ್ದ ನನಗೆ ಮೈ ಉರಿಯುತ್ತಿತ್ತು. ಚೆನ್ನಾಗಿಲ್ಲವೆಂದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಭಾವ ಮಾತ್ರ ಹವಾಮಾನ ವರದಿ ಓದುವವರ ಹಾಗೆ ಅದೇ ಒಂದು ಮಾತನ್ನು ಹೇಳಿ ಫೋನನ್ನು ಅಕ್ಕನ ಕೈಗೆ ಕೊಡುತ್ತಿದ್ದರು.

ಭಾವ ರಫೂ ಮಾಡುವವರು. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಮೂವತ್ತೊಂದು ವರ್ಷದಿಂದ ಒಂದೇ ಸ್ಟೂಲು. ಅದೇ ಕೋಣೆಯ ಇನ್ನೊಂದು ತುದಿಯಲ್ಲಿ ನಾನು ಇಸ್ತ್ರಿ ಮಾಡುತ್ತೇನೆ. ಮನೆಯಲ್ಲಿ ದಂಡಪಿಂಡವಾಗಿ ಬಿದ್ದಿದ್ದ ನನ್ನನ್ನು ಅಕ್ಕನ ಮದುವೆಯಾದ ವರ್ಷವೇ ಕರೆತಂದು ಇಲ್ಲಿ ನಿಲ್ಲಿಸಿದವರು ಅವರೇ. ಅವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಗೋಳುಹೊಯ್ದುಕೊಳ್ಳುತ್ತಲೇ ಬಂದಿದ್ದೇವೆ.

ರಫೂ ಎಂದರೆ ತೇಪೆ ಹಾಕುವುದಲ್ಲ. ತೇಪೆ ಎಂದವರ ಹತ್ತಿರ ಭಾವ ಎರಡು ದಿನ ಮಾತು ಬಿಡುತ್ತಿದ್ದರು. ಬಟ್ಟೆಯ ಒಳಮಡಿಕೆಯಿಂದ ಅದರದೇ ಎಳೆಗಳನ್ನು ಬಿಡಿಸಿಕೊಂಡು, ಬೆಂಕಿಯ ಕಿಡಿ ಬಿದ್ದ ಜಾಗದಲ್ಲೋ ನುಸಿ ತಿಂದ ಜಾಗದಲ್ಲೋ ಉದ್ದಕ್ಕೊಂದು ಅಡ್ಡಕ್ಕೊಂದು ನೇಯುತ್ತಾ ಹೋಗಬೇಕು. ಮುಗಿದಮೇಲೆ ತೂತು ಎಲ್ಲಿತ್ತೆಂದು ತೂತು ಮಾಡಿದವನಿಗೂ ಗೊತ್ತಾಗಬಾರದು. ಇದರಲ್ಲಿ ಭಾವನದು ಎತ್ತಿದ ಕೈ. ಅವರ ಎಡಗಣ್ಣು ಚಿಕ್ಕಂದಿನಿಂದಲೂ ಮಂಜು, ಹೆಸರಿಗಷ್ಟೇ ಇತ್ತು. ದುಡಿದದ್ದೆಲ್ಲ ಬಲಗಣ್ಣು. ಅದಕ್ಕೇ ಪೊರೆ ಬಂತು, ಅದಕ್ಕೇ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿದ ದಿನ ಅಕ್ಕ ಎದುರಿಗೇ ನಿಂತಿದ್ದಳು. ಭಾವ ಅವಳನ್ನು ದಿಟ್ಟಿಸಿ, "ನಿನ್ನ ಮೂಗು ಯಾಕೆ ಸೊಟ್ಟಗಿದೆ?" ಎಂದರು.

"ಇಷ್ಟು ವರ್ಷ ಸಂಸಾರ ಮಾಡಿದ್ಮೇಲೆ ಈಗ ಕಾಣಿಸ್ತಾ ಭಾವ?" ಎಂದು ನಾನು ಹಲ್ಲು ಕಿರಿದೆ. ನರ್ಸ್ ಕೂಡ ನಕ್ಕಳು. ಭಾವ ನಗಲಿಲ್ಲ. ಬಾಗಿಲಿನ ಚೌಕಟ್ಟು ನೋಡಿದರು, ಕಿಟಕಿಯ ಸರಳು ನೋಡಿದರು.

"ಅದೂ ಸೊಟ್ಟ" ಎಂದರು.

ವಾರ ಬಿಟ್ಟು ಡಾಕ್ಟರು ವಿವರವಾಗಿ ಹೇಳಿದರು. "ಪೊರೆ ಪೂರ್ತಿ ತೆಗೆದಿದ್ದೀವಿ, ಆ ಕೆಲಸ ಸರಿಯಾಗೇ ಆಗಿದೆ. ಆದ್ರೆ ಕಣ್ಣಿನ ಹಿಂದಿನ ಪದರ ನಡುವೆ ಸವೆದುಹೋಗಿದೆ. ಪೊರೆ ಅಡ್ಡ ಇದ್ದದ್ರಿಂದ ಮೊದ್ಲೇ ಗೊತ್ತಾಗಲಿಲ್ಲ. ನೇರ ಗೆರೆ ಡೊಂಕು ಕಾಣೋದು ಅದ್ರಿಂದಾನೇ."

"ಕನ್ನಡಕ ಹಾಕಿದ್ರೆ?" ಅಕ್ಕ ಕೇಳಿದಳು.

"ಕನ್ನಡಕದಿಂದ ಡೊಂಕು ಹೋಗಲ್ಲಮ್ಮ. ಇನ್ನೂ ಹೆಚ್ಚಾಗದ ಹಾಗೆ ನೋಡ್ಕೋಬಹುದು."

ಭಾವ "ಸರಿ" ಎಂದು ಎದ್ದರು. ಹೊರಗೆ ಬಂದು ಬಸ್ಸು ಈ ಕಡೆ ನಿಲ್ಲುತ್ತದೋ ಆ ಕಡೆಯೋ ಎಂದು ಕೇಳಿದರು. ಮನೆಯಲ್ಲೂ ಅಷ್ಟೇ. ಬಡಿಸಿದ್ದನ್ನು ತಿಂದರು, ಹೇಳಿದ ಹೊತ್ತಿಗೆ ಕಣ್ಣಿಗೆ ಔಷಧಿ ಬಿಡಿಸಿಕೊಂಡರು, ಗೋಡೆ ನೋಡುತ್ತಾ ಕೂತರು. ಅತ್ತಿದ್ದರೆ ಅಕ್ಕನಿಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು. ನನ್ನ ಮೇಲೆ ಒಂದು ಸಲ ರೇಗಲಿ ಎಂದು ಬೇಕಂತಲೇ ಅವರ ಕುರ್ಚಿಯಲ್ಲಿ ಕೂತೆ. ಅವರು ಹೋಗಿ ಮಂಚದ ಮೇಲೆ ಕೂತರು. ಆವತ್ತು ನನಗೆ ನಿಜವಾಗಿಯೂ ಭಯವಾಯಿತು.

ಆರನೇ ವಾರ ಕೆಲಸಕ್ಕೆ ಬಂದರು. ಶಾಲೆಯ ಹೆಡ್‌ಮೇಡಂ ಅವರ ಬೂದು ಬಣ್ಣದ ಕೋಟು ಕಾದು ಕೂತಿತ್ತು. ಮೊಣಕೈ ಹತ್ತಿರ ಒಂದು ಬೆರಳು ತೂರುವಷ್ಟು ತೂತು. ಬೇರೆಯವರಿಗೆ ಕೊಡಲು ಅವರು ಒಪ್ಪಿರಲಿಲ್ಲವಂತೆ. ಭಾವ ದೊಡ್ಡ ಭೂತಗನ್ನಡಿ ಇಟ್ಟುಕೊಂಡು ಮೂರು ದಿನ ಕೂತರು. ಸೂಜಿಗೆ ಎಳೆ ಪೋಣಿಸಲು ಮಾತ್ರ ನನ್ನನ್ನು ಕರೆಯುತ್ತಿದ್ದರು. ಮೂರನೇ ಸಂಜೆ "ನೇರ ಬಂತು ನೋಡೋ" ಎಂದು ಕೋಟನ್ನು ನನ್ನ ಮೇಜಿನ ಮೇಲಿಟ್ಟರು. ಎಷ್ಟೋ ದಿನಕ್ಕೆ ಅವರ ದನಿಯಲ್ಲಿ ಜೀವ ಇತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅವರು ಮನೆಗೆ ಹೊರಟಮೇಲೆ ಕೋಟಿಗೆ ಇಸ್ತ್ರಿ ಹಾಕಿದೆ. ಮೊಣಕೈ ಜಾಗ ಮಟ್ಟಸವಾಗಿ ಕೂರಲಿಲ್ಲ. ನೀರು ಚಿಮುಕಿಸಿ ಒತ್ತಿದೆ, ಒದ್ದೆ ಬಟ್ಟೆ ಹಾಸಿ ಒತ್ತಿದೆ, ಇಸ್ತ್ರಿಪೆಟ್ಟಿಗೆಗೆ ಬಾಯಿಗೆ ಬಂದಂತೆ ಬೈದೆ. ಆಮೇಲೆ ದೀಪದ ಕೆಳಗೆ ಹಿಡಿದು ನೋಡಿದೆ. ಎಳೆಗಳೆಲ್ಲ ಒಂದೇ ಕಡೆಗೆ ಬಾಗಿ ಸುಳಿಯ ಹಾಗೆ ಸುತ್ತಿಕೊಂಡಿದ್ದವು. ಕೈ ತಪ್ಪಿ ಆದದ್ದಲ್ಲ ಅದು. ಒಂದೊಂದು ಎಳೆಯನ್ನೂ ಅಳೆದು ಬಾಗಿಸಿದ್ದರು. ನೆಟ್ಟಗಿದ್ದ ನೇಯ್ಗೆ ಅವರ ಕಣ್ಣಿಗೆ ಡೊಂಕಾಗಿ ಕಂಡಿತ್ತು. ಅದನ್ನು ನೆಟ್ಟಗೆ ಮಾಡಲು ಮೂರು ದಿನ ಕೂತು ಡೊಂಕು ಮಾಡಿದ್ದರು.

ಹೇಳಲು ನನಗೆ ನಾಲಿಗೆ ಏಳಲಿಲ್ಲ. ಕೋಟನ್ನು ಸಾಲಿನ ಕೊನೆಯಲ್ಲಿ, ಪರದೆ ಬಟ್ಟೆಗಳ ಹಿಂದೆ ತೂಗುಹಾಕಿದೆ. ಅಂಗಡಿಯ ಯಜಮಾನಿಗೆ ಇನ್ನೂ ಎರಡು ದಿನ ಬೇಕೆಂದೆ. ಬೆಳಿಗ್ಗೆ ಭಾವ "ಕೋಟು ಹೋಯ್ತಾ?" ಎಂದು ಕೇಳಿದಾಗ "ಹೋಯ್ತು" ಎಂದೆ.

"ಏನಂದ್ರು?"

"ಖುಷಿಪಟ್ರು."

ಸುಳ್ಳು ಹೇಳುವವನಿಗೆ ಜಾಗ ಆರಿಸುವ ಬುದ್ಧಿಯಾದರೂ ಇರಬೇಕು. ಮಾರನೆಯ ದಿನ ಭಾವ ಬೇರೊಂದು ಬಟ್ಟೆ ಹುಡುಕುತ್ತಾ ಸಾಲಿನ ಉದ್ದಕ್ಕೂ ಕೈಯಾಡಿಸಿಕೊಂಡು ಹೋದರು. ಪರದೆಗಳನ್ನು ದಾಟಿದ ಕೈ ನಿಂತಿತು. ಕೋಟನ್ನು ತೆಗೆದು ಕಿಟಕಿಯ ಹತ್ತಿರ ತಂದರು. ಕಣ್ಣು ಮುಚ್ಚಿಕೊಂಡು ಮೊಣಕೈಯ ಮೇಲೆ ಉಗುರಿನಿಂದ ಉದ್ದಕ್ಕೆ ಗೀರಿದರು, ಅಡ್ಡಕ್ಕೆ ಗೀರಿದರು.

"ಇಸ್ತ್ರಿ ಮಾಡುವಾಗ್ಲೇ ಗೊತ್ತಾಯ್ತಲ್ವಾ ನಿನಗೆ?"

"ಹೂಂ."

"ಹೇಳೋಕೇನಾಗಿತ್ತು?"

"ಬಾಯಿ ಬರಲಿಲ್ಲ ಭಾವ."

ರೇಗುತ್ತಾರೆ ಎಂದುಕೊಂಡೆ. ರೇಗಲಿ ಎಂದು ಬೇಡಿಕೊಂಡೆ. ಅವರು ಸ್ಟೂಲನ್ನು ನನ್ನ ಕಡೆ ಸರಿಸಿ, "ಕೂತ್ಕೋ. ಬಿಚ್ಚು" ಎಂದರು.

"ನಾನಾ? ಈ ಕೈಯಲ್ಲಾ? ಇರಲಿ ಬಿಡಿ ಭಾವ, ಮೇಡಂಗೆ ನಾನು ಹೇಳ್ತೀನಿ. ಅವ್ರು ಹೊಟ್ಟೆಗೆ ಹಾಕ್ಕೋತಾರೆ."

"ನಾನು ಮಾಡಿದ್ದು ಅಂತ ಇದು ಬೀದಿಯಲ್ಲಿ ಓಡಾಡೋದು ಬೇಡ. ಕೊನೇ ಎಳೆ ಒಳಮುಖದಲ್ಲಿ, ಮೇಲಿನ ಮೂಲೇಲಿರುತ್ತೆ. ನೀನು ನೋಡು, ನಾನು ಹೇಳ್ತೀನಿ."

ಬಟ್ಟೆಯನ್ನು ಅವರು ಬಿಗಿಯಾಗಿ ಹಿಡಿದರು, ನಾನು ಸೂಜಿಯ ಮೊನೆಯಿಂದ ಎಳೆ ಎತ್ತಿದೆ. "ಜಗ್ಗಬೇಡ. ಬಂದ ದಾರೀಲೇ ವಾಪಸ್ ಕಳಿಸು." ಅವರ ಮೂರು ದಿನದ ಕೆಲಸ ನನ್ನ ಮೊದ್ದು ಬೆರಳಿನಲ್ಲಿ ಎರಡು ಗಂಟೆಯಲ್ಲಿ ಮುಗಿಯಿತು. ಎಳೆಗಳು ಮೇಜಿನ ಮೇಲೆ ಒಂದು ಚಿಟಿಕೆಯಷ್ಟಾದವು. ಅಷ್ಟು ಹೊತ್ತೂ ಅವರು ಪಾಠ ಹೇಳುವ ದನಿಯಲ್ಲೇ ಮಾತಾಡಿದರು.

"ತೂತು ಎಷ್ಟಿದೆ?" ಕೇಳಿದರು.

"ಮೊದ್ಲಿದ್ದಷ್ಟೇ."

"ಹೆಚ್ಚಾಗಿಲ್ಲ ತಾನೆ?"

"ಇಲ್ಲ ಭಾವ."

ಅವರು ತೋರುಬೆರಳನ್ನು ತೂರಿಸಿದರು. ಅದು ಸಲೀಸಾಗಿ ಹೋಯಿತು. ಸ್ವಲ್ಪ ತಡೆದು ಪಕ್ಕದ ಬೆರಳನ್ನೂ ತೂರಿಸಿದರು. ಅದೂ ಹೋಯಿತು.

ಕೈ ಹೊರಗೆ ತೆಗೆದು, ತೋಳನ್ನು ಒಳಗೆ ಮಡಚಿ, ಕೋಟನ್ನು ನೀಟಾಗಿ ನನ್ನ ತೊಡೆಯ ಮೇಲಿಟ್ಟರು. ಭೂತಗನ್ನಡಿಗೆ ಅದರ ಚೀಲ ತೊಡಿಸಿದರು.

"ಇನ್ಮೇಲೆ ರಫೂ ಕೆಲಸ ಬಂದ್ರೆ ತಗೋಬೇಡಿ ಅಂತ ಯಜಮಾನಮ್ಮಂಗೆ ಹೇಳ್ಬಿಡು" ಎಂದರು. "ನನಗೂ ಬಾಯಿ ಬರಲ್ಲ ಕಣೋ."

ನಾನು ಎದ್ದು ಮುಂದಿನ ಕೋಣೆಗೆ ಹೋಗಿ ಹೇಳಿದೆ.